ಬದಲಿಗೆ ಬಂದವಳ ಭಂಗಿಪಾಕ

ನಮ್ಮ ಓಣಿಯಲ್ಲಿ ಚಂದ್ರಾವಲಿ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಅವಳ ಮುಖವಲ್ಲ, ಅವಳ ಅಡುಗೆಮನೆಯ ಗೂಡಿನಲ್ಲಿ ಬೀಗದೊಳಗಿರುವ ಗಾಜಿನ ಭರಣಿ. ಅದರಲ್ಲಿ ಅವಳು ಕೈಯಾರೆ ಕಾಯಿಸಿ ಇಳಿಸಿದ ಭಂಗಿಪಾಕ ಇರುತ್ತದೆ. ಬಿಸಿಲಿಗೆ ಹಿಡಿದರೆ ಎಳೆ ಬೇವಿನ ಬಣ್ಣ, ಚಮಚದಲ್ಲಿ ಎತ್ತಿದರೆ ಜೇನಿನಂತೆ ಇಳಿಯುತ್ತದೆ. ತಣ್ಣಗಿನ ಹಾಲಿಗೆ ಬೆರೆಸಿದರೆ ಥಂಡಾಯಿ. ರಬಡಿಯ ಮೇಲೆ ಬಿಟ್ಟರೆ ಅವತ್ತೇ ಹಬ್ಬ. ಕುಲ್ಫಿಯ ಮೇಲೆ ಸುರಿದುಕೊಟ್ಟರಂತೂ ಮದುವೆಗೆ ಬಂದ ಬೀಗರು ಊರಿಗೆ ಹೊರಡುವ ಮಾತೇ ಆಡುವುದಿಲ್ಲ. ಊಟಕ್ಕೂ ಭಂಗಿಗೂ ಹೆಸರಾದ ನಮ್ಮ ಮಥುರೆಯ ಚೌಬೆ ಬ್ರಾಹ್ಮಣರ ನಾಲಿಗೆಯನ್ನು ಮೆಚ್ಚಿಸುವುದು ಸುಲಭವಲ್ಲ. ಅವಳು ಮೆಚ್ಚಿಸಿದಳು. ನನಗೆ ಆ ಭರಣಿ ಕಂಡರೆ ಇಷ್ಟೂ ವರ್ಷ ಹೊಟ್ಟೆ ಉರಿದಿದೆ. ಮುಚ್ಚಿಡುವುದೇನಿದೆ?

ಅವಳು ನನ್ನ ಅತ್ತಿಗೆಯೂ ಹೌದು, ನಾದಿನಿಯೂ ಹೌದು. ನಮ್ಮಲ್ಲಿ ಬದಲಿ ಮದುವೆ ಇದೆ. ಒಂದು ಮನೆಯಿಂದ ಹೆಣ್ಣು ತಂದರೆ ಆ ಮನೆಗೆ ಹೆಣ್ಣು ಕೊಡಬೇಕು. ನಾನು ದುಲಾರಿ, ಲಚ್ಛೀರಾಮ ಚೌಬೆಯ ಒಬ್ಬಳೇ ಮಗಳು. ನನ್ನನ್ನು ನರೋತ್ತಮನಿಗೆ ಕೊಟ್ಟರು, ನರೋತ್ತಮನ ತಂಗಿ ಚಂದ್ರಾವಲಿಯನ್ನು ನನ್ನ ಅಣ್ಣ ಬಲ್ಲೂಗೆ ತಂದರು. ಒಂದೇ ದಿನ, ಒಂದೇ ಚಪ್ಪರ, ಒಬ್ಬನೇ ಪುರೋಹಿತ. ನಾನು ಓಣಿಯ ಇಳಿಜಾರಿಗೆ ಹೋದೆ, ಅವಳು ಏರಿಗೆ ಬಂದಳು. ನಡುವೆ ಐವತ್ತು ಮೆಟ್ಟಿಲು. ನನ್ನ ಕೋಣೆ, ನನ್ನ ಕಿಟಕಿ, ನಾನು ಬೆನ್ನು ಒರಗಿಸಿ ಕೂರುತ್ತಿದ್ದ ಕಂಬ, ಎಲ್ಲ ಅವಳದಾಯಿತು. ಅವಳದೆಲ್ಲ ನನ್ನದಾಯಿತು ಎನ್ನಿ. ಆದರೆ ಅವಳ ಮನೆಯಲ್ಲಿ ಕಿಟಕಿಯೇ ಇರಲಿಲ್ಲ.

ಬದಲಿ ಮದುವೆಯಲ್ಲಿ ಎಲ್ಲಕ್ಕೂ ತಕ್ಕಡಿ. ನಮ್ಮ ತವರಿನಲ್ಲಿ ಅವಳಿಗೆ ಹಳದಿ ಸೀರೆ ಕೊಟ್ಟರು ಎಂದು ಗೊತ್ತಾದರೆ ಸಂಜೆಯೊಳಗೆ ನನ್ನ ಅತ್ತೆ ನನಗೂ ಹಳದಿ ಸೀರೆ ತರಿಸಬೇಕು. ತರಿಸದಿದ್ದರೆ ನಾನೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

"ಅಮ್ಮಾಜಿ, ಅಲ್ಲಿ ನಿಮ್ಮ ಮಗಳಿಗೆ ಮೂಗುತಿ ಆಯ್ತಂತೆ?"

"ಆಯ್ತು ಕಣೆ. ನಿನ್ನ ಮೂಗು ಎಲ್ಲಿಗೂ ಓಡಿ ಹೋಗಲ್ಲ, ನಾಳೆ ಬರುತ್ತೆ ನಿಂಗೂ."

"ನಾಳೆ ಅಂದ್ರೆ ನಾಳೇನೇ ಬರ್ಲಿ. ಇಲ್ಲಾಂದ್ರೆ ನಮ್ಮಮ್ಮ ಅವಳ ಮೂಗುತಿ ಬಿಚ್ಚಿಸ್ತಾಳೆ."

ಮರುದಿನ ಮೂಗುತಿ ಬರುತ್ತಿತ್ತು. ಬೈದರೂ ಹಾಗೆಯೇ. ಇಲ್ಲಿ ನನ್ನ ಅತ್ತೆ ನನ್ನನ್ನು ಬೈದರೆ ಅಲ್ಲಿ ನನ್ನಮ್ಮ ಒಂದು ಗಂಟೆಯೊಳಗೆ ಯಾವುದಾದರೂ ನೆಪ ತೆಗೆದು ಅವಳನ್ನು ಬೈದು ಲೆಕ್ಕ ಸರಿಮಾಡುತ್ತಿದ್ದಳು. ಹೀಗೆ ಇಬ್ಬರೂ ಒಬ್ಬರ ಪಾಲಿನ ಬೈಗುಳ ಇನ್ನೊಬ್ಬರು ತಿಂದುಕೊಂಡು ಬೆಳೆದೆವು.

ತಕ್ಕಡಿಗೆ ಸಿಗದೆ ಹೋಗಿದ್ದು ಒಂದೇ, ಆ ಪಾಕ. ನಮ್ಮಲ್ಲಿ ಭಂಗಿ ಅರೆಯುವುದು ಗಂಡಸರ ಕೆಲಸ. ಸಂಜೆಯಾದರೆ ತೋಟಕ್ಕೆ ಹೋಗಿ, ಕಸರತ್ತು ಮಾಡಿ, ಬಾವಿಯ ನೀರು ಸುರಿದುಕೊಂಡು, ಮಹಾದೇವನಿಗೆ ಮೊದಲ ಹನಿ ಬಿಟ್ಟು, ಆಮೇಲೆ ಕುಡಿಯುತ್ತಾರೆ. ಮಳೆಗಾಲದಲ್ಲಿ ತೋಟಕ್ಕೆ ಹೋಗಲಾಗದ ದಿನಗಳಿಗೆಂದು ನನ್ನಮ್ಮ ಮನೆಯಲ್ಲೇ ಪಾಕ ಮಾಡಿ ಇಡುತ್ತಿದ್ದಳು. ಅವಳ ಅತ್ತೆಯಿಂದ ಕಲಿತದ್ದು. ನಾನು ಹತ್ತು ವರ್ಷದವಳಿದ್ದಾಗಿನಿಂದ ಒಲೆಯ ಹತ್ತಿರ ಸುಳಿದಾಡುತ್ತಿದ್ದೆ. ನಾನು ಕಾಲಿಟ್ಟರೆ ಅಮ್ಮ ಪಾತ್ರೆಯ ಮೇಲೆ ತಟ್ಟೆ ಮುಚ್ಚುತ್ತಿದ್ದಳು.

"ನಂಗೂ ಹೇಳ್ಕೊಡಮ್ಮ."

"ಇದು ಈ ಮನೆ ಪಾಕ. ನೀನು ಹೋಗೋಳು. ಬರೋಳಿಗೆ ಹೇಳ್ಕೊಡ್ತೀನಿ."

ಬರುವವಳು ಬಂದಳು, ಅಮ್ಮ ಹೇಳಿಕೊಟ್ಟಳು. ಆ ವಾರ ನಾನು ಊಟ ಬಿಟ್ಟೆ. ಗಂಡ "ಏನಾಯ್ತೆ?" ಎಂದರೆ ಹಲ್ಲುನೋವು ಎಂದೆ. ನನ್ನ ಅತ್ತೆಗೆ ನನಗೆ ಬದಲಿಗೆ ಕಲಿಸಲು ಏನಾದರೂ ಇತ್ತೇ? ಹಾಗಲಕಾಯಿ ಒಣಗಿಸುವುದು ಕಲಿಸಿದಳು.

ಚಂದ್ರಾವಲಿ ಎಡಗೈಯವಳು. ಅಮ್ಮನಿಗೆ ಮೊದಲಿಗೆ ಅದು ಸರಿಬರಲಿಲ್ಲ. "ದೇವರ ಪದಾರ್ಥ ಎಡಗೈಲಿ ಅರೀತಾಳೆ, ಇವಳ ಕೈ ಮುರೀಲಿ" ಎಂದು ಗೊಣಗಿದಳು. ಚಂದ್ರಾವಲಿ ಬಲಗೈಯಲ್ಲಿ ಅರೆದು ತೋರಿಸಿದಳು, ತರಿತರಿಯಾಯಿತು. ಎಡಗೈಯಲ್ಲಿ ಅರೆದು ತೋರಿಸಿದಳು, ಬೆಣ್ಣೆಯಾಯಿತು. ಅಮ್ಮ ಮುಖ ತಿರುಗಿಸಿಕೊಂಡು, "ಎಡಗೈಯನ್ನೇ ಗಂಗಾಜಲದಲ್ಲಿ ತೊಳ್ಕೊಂಡು ಮಾಡು, ಇನ್ನೇನು ಮಾಡೋದು" ಎಂದಳಂತೆ. ಇಂಥವೆಲ್ಲ ನನಗೆ ಬಲ್ಲೂ ಬಂದು ಹೇಳುತ್ತಿದ್ದ. ತಂಗಿಯ ಕಿವಿಗೆ ಹೆಂಡತಿಯ ಹೊಗಳಿಕೆ ಸುರಿಯುವುದು ಎಂಥ ಸಂಕಟ ಎಂದು ಆ ಪುಣ್ಯಾತ್ಮನಿಗೆ ಯಾವತ್ತೂ ಹೊಳೆಯಲಿಲ್ಲ.

ಅವಳು ಮಾಡುವುದನ್ನು ನಾನು ಕದ್ದು ನೋಡಿದ್ದೇನೆ, ಮಹಡಿಯ ಜಾಲರಿಯಿಂದ. ಒಣಗಿದ ಎಲೆಯಲ್ಲಿ ಕಡ್ಡಿ, ಬೀಜ ಆರಿಸುವುದಕ್ಕೇ ಅರ್ಧ ಬೆಳಗು. ಆಮೇಲೆ ನೆನೆಹಾಕುವುದು, ಹಿಂಡುವುದು, ಕುದಿಸುವುದು, ಮತ್ತೆ ಹಿಂಡುವುದು. ಅರೆಯುವ ಕಲ್ಲಿನ ಮುಂದೆ ಮಂಡಿಯೂರಿ ಕೂತರೆ ಹಾಡಿಲ್ಲ, ಮಾತಿಲ್ಲ. ಸೋಂಪು, ಕಾಳುಮೆಣಸು, ಏಲಕ್ಕಿ, ಕರಬೂಜದ ಬೀಜ, ಒಂದೊಂದೇ ಸೇರಿಸುತ್ತ ಅರೆಯುತ್ತಾಳೆ. ಗುಂಡುಕಲ್ಲನ್ನು ಎತ್ತಿದರೆ ಅದಕ್ಕೆ ಅಂಟಿಕೊಂಡು ಕೆಳಗಿನ ಚಪ್ಪಡಿಯೂ ಏಳಬೇಕು. ಅಷ್ಟು ನುಣ್ಣಗಾಗದೆ ನಮ್ಮಲ್ಲಿ ಅರೆದಾಯಿತು ಎನ್ನುವುದಿಲ್ಲ. ತೋಟದ ಪೈಲ್ವಾನರೇ ಹತ್ತರಲ್ಲಿ ಎರಡು ಸಲ ಎತ್ತುತ್ತಾರೆ. ಈ ಕಡ್ಡಿಯಂಥ ಹೆಂಗಸು ಪ್ರತಿ ಸಲ ಎತ್ತುತ್ತಿದ್ದಳು. ಎತ್ತಿ, ಅತ್ತಿತ್ತ ನೋಡಿ, ಒಬ್ಬಳೇ ನಗುತ್ತಿದ್ದಳು. ಆ ನಗು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಆಮೇಲೆ ಸಕ್ಕರೆ. ಒಂದೆಳೆ ಪಾಕ ಬರುವ ಹೊತ್ತಿಗೆ ಸರಿಯಾಗಿ ಅರೆದದ್ದನ್ನು ಬಿಡಬೇಕು, ತೆಳು ಬಟ್ಟೆಯಲ್ಲಿ ಸೋಸಬೇಕು, ಗುಲಾಬಿ ದಳ ಹಾಕಿ ಮುಚ್ಚಬೇಕು. ಭರಣಿಗೆ ಬೀಗ, ಬೀಗದ ಕೈ ಸೊಂಟಕ್ಕೆ. ಮಕ್ಕಳ ಕೈಗೆ ಸಿಗಬಾರದು, ಗಂಡಸರ ಕೈಗೆ ಅಳತೆ ಮೀರಿ ಸಿಗಬಾರದು. "ಇಷ್ಟೇ" ಎಂದರೆ ಇಷ್ಟೇ. ಪೇಟೆಯ ಮಿಠಾಯಿ ಅಂಗಡಿಯವನು ಎರಡು ಸಲ ಮನೆಗೆ ಬಂದು, "ಅಕ್ಕಾ, ಅಂಗಡಿಗೆ ಮಾಡ್ಕೊಡಿ" ಎಂದು ಕೇಳಿದ. ಬಾಗಿಲ ಹಿಂದಿನಿಂದಲೇ ಹೇಳಿ ಕಳಿಸಿದಳು, "ನಮ್ಮ ಮಾವನೋರು ಕುಡಿಯೋದನ್ನ ಬೀದೀಲಿ ಮಾರಕ್ಕಾಗುತ್ತಾ?" ಊರೆಲ್ಲ ಆಹಾ ಎಂದಿತು. ನನಗೂ ಕೊಂಡಾಡಬೇಕು ಅನಿಸಿತು. ಅದಕ್ಕೇ ಇನ್ನಷ್ಟು ಉರಿಯಿತು.

ಅಮ್ಮ ತೀರಿಕೊಂಡಳು. ಅಪ್ಪನ ಸೊಂಟ ಬಿದ್ದುಹೋಯಿತು, ತೋಟ ತಪ್ಪಿತು. ಎರಡೂ ಕಣ್ಣಿಗೆ ಪೊರೆ ಬಂತು. ಒಂದು ಕಾಲಕ್ಕೆ ಕುಸ್ತಿಯ ಮಣ್ಣಿನಲ್ಲಿ ಎರಡು ಊರಿನವರನ್ನು ಕೆಡವಿದ ಮನುಷ್ಯ ಹಜಾರದ ಮಂಚದ ಮೇಲೆ ಕೂತು ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳುವಂತಾದರು. ಎಂಬತ್ತಮೂರು ವರ್ಷ. ಪೂರಿ ಬಿಟ್ಟರು, ಪೇಡ ಬಿಟ್ಟರು, ಜಗಳ ಬಿಟ್ಟರು. ಉಳಿದದ್ದು ಸಂಜೆ ನಾಲ್ಕರ ಒಂದು ಲೋಟ. ಅದೂ ಸೊಸೆಯ ಕೈಯದು.

ನನಗೆ ಬೇಕಾಗಿದ್ದು ಇಷ್ಟೇ. ಅಪ್ಪ ಹೋಗುವ ಮೊದಲು ಒಂದು ಸಲ, ಒಂದೇ ಒಂದು ಸಲ, ನನ್ನ ಕೈಯ ಲೋಟ ಕುಡಿದು "ಚೆನ್ನಾಗಿದೆ" ಅನ್ನಬೇಕು. ಮಗಳಾಗಿ ಹುಟ್ಟಿ ಅಷ್ಟೂ ಕೇಳಬಾರದೇ?

ಹೋಳಿ ಹಬ್ಬಕ್ಕೆ ಮುಂಚಿನ ವಾರ ನಾನೇ ಮಾಡಿದೆ. ಸರ್ಕಾರಿ ಪರವಾನಗಿಯ ಅಂಗಡಿಯಿಂದ ಗಂಡನ ಕೈಲಿ ಎಲೆ ತರಿಸಿದೆ, ಬಾಗಿಲು ಹಾಕಿಕೊಂಡೆ. ಜಾಲರಿಯಿಂದ ನೋಡಿದ್ದೆಲ್ಲ ನೆನಪಿಗೆ ತಂದುಕೊಂಡೆ. ಅರೆದೂ ಅರೆದೂ ಭುಜ ಸೋತಿತು, ಚಪ್ಪಡಿ ಮಾತ್ರ ಜಗ್ಗಲಿಲ್ಲ. ಬಣ್ಣ ಬಂತಲ್ಲ, ಸಾಕು ಎಂದುಕೊಂಡೆ. ಲೋಟಕ್ಕೆ ಧಾರಾಳವಾಗಿ ಬೆರೆಸಿ, ಚಂದ್ರಾವಲಿ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೊತ್ತು ನೋಡಿ ಅಪ್ಪನ ಕೈಗೆ ಇಟ್ಟೆ.

"ಬಾಬೂಜಿ, ನಾನು ಮಾಡಿದ್ದು."

"ನೀನಾ ಲಾಲಿ?" ಮುದ್ದಿನ ಮಗಳನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ.

"ಹೂಂ, ನಾನೇ."

ಅವರು ಕುಡಿದರು. ತಳ ಕಾಣುವ ತನಕ ಕುಡಿದರು. ಲೋಟ ನನ್ನ ಕೈಗೆ ಕೊಟ್ಟು, "ಹೋಗು, ಕತ್ತಲಾಗೋದ್ರೊಳಗೆ ಮನೆ ಸೇರ್ಕೊ" ಎಂದರು. ಚೆನ್ನಾಗಿದೆ ಎನ್ನಲಿಲ್ಲ, ಆದರೆ ಒಂದು ಹನಿ ಬಿಡಲಿಲ್ಲ. ನಾನು ಐವತ್ತು ಮೆಟ್ಟಿಲು ಹಾರಿಕೊಂಡು ಇಳಿದೆ. ಮೂರನೇ ದಿನ ಮತ್ತೆ ಹೋದರೆ ಚಂದ್ರಾವಲಿ ಬಾಗಿಲಲ್ಲೇ ತಡೆದಳು. ಗಂಡನ ತಂಗಿಯಾದರೂ ನನ್ನನ್ನು ಅಕ್ಕನ ಸ್ಥಾನದಲ್ಲಿಟ್ಟು ಜೀಜಿ ಎಂದೇ ಕರೆಯುತ್ತಾಳೆ.

"ಜೀಜಿ, ಬಾಬೂಜಿ ಮಲಗಿದಾರೆ. ಸ್ವಲ್ಪ ದಿನ ಬೇರೆ ಏನೂ ಕೊಡೋದು ಬೇಡ ಅಂದಿದಾರೆ ವೈದ್ಯರು."

"ನಿನ್ನದು ಕೊಡಬಹುದಂತೋ?"

"ನನ್ನದೂ ಕೊಡ್ತಿಲ್ಲ ಜೀಜಿ."

ನಂಬುವವರು ಯಾರು? ನನ್ನ ಲೋಟದ ರುಚಿ ಅಪ್ಪನಿಗೆ ಹತ್ತಿಬಿಟ್ಟಿದೆ, ಇವಳಿಗೆ ನುಂಗಲಾಗುತ್ತಿಲ್ಲ ಎಂದೇ ತಿಳಿದೆ. ಆ ಸಂಜೆ ಗಂಡನ ಮುಂದೆ ಅವನ ತಂಗಿಯನ್ನು ಹಿಗ್ಗಾಮುಗ್ಗಾ ಬೈದೆ. ಅವನು ತೋಟಕ್ಕೆ ಹೊರಟುಹೋದ.

ಚೈತ್ರದಲ್ಲಿ ಯಮುನಾ ಷಷ್ಠಿ ಬಂತು. ಯಮುನೆ ಹುಟ್ಟಿದ ದಿನ. ನಾವು ಯಮುನೆಯ ಮಕ್ಕಳು ಎಂದುಕೊಳ್ಳುವವರು, ಆ ದಿನ ಓಣಿಯಲ್ಲಿ ಯಾರೂ ಮನೆಯಲ್ಲಿರುವುದಿಲ್ಲ. ಮಧ್ಯಾಹ್ನವೇ ಎಲ್ಲರೂ ನದಿಯ ಸ್ನಾನಘಾಟಿಗೆ ಹೊರಟರು. ಚಂದ್ರಾವಲಿ ಯಮುನೆಗೆ ಅರ್ಪಿಸುವ ಹರಕೆಯ ಚುನರಿ ಬಟ್ಟೆಯನ್ನು ತಟ್ಟೆಯಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದಳು.

"ಜೀಜಿ, ನೀನು ಸಂಜೆ ಆರತಿಗೆ ತಾನೇ ಹೋಗೋದು? ನಾಲ್ಕು ಗಂಟೆಗೆ ಬಾಬೂಜಿಗೆ ಲೋಟ ಕೊಟ್ಬಿಡ್ತೀಯಾ? ಹಾಲು ಮಡಕೇಲಿದೆ. ಎರಡೇ ಚಮಚ ಹಾಕು, ಜಾಸ್ತಿ ಬೇಡ."

ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಕೊಡುವಾಗ ಒಂದು ಕ್ಷಣವೂ ಯೋಚಿಸಲಿಲ್ಲ. ನಾನಾಗಿದ್ದರೆ ಕೊಡುತ್ತಿರಲಿಲ್ಲ, ಖಂಡಿತ ಕೊಡುತ್ತಿರಲಿಲ್ಲ.

ಅವಳು ಕಣ್ಮರೆಯಾದದ್ದೇ ನಾನು ಮಾಡಿದ್ದರಲ್ಲಿ ಉಳಿದಿದ್ದ ಪಾಕದ ಬಾಟಲಿಯನ್ನು ಸೆರಗಿನಡಿ ಇಟ್ಟುಕೊಂಡು ಮೇಲೆ ಹೋದೆ. ಅವಳ ಭರಣಿ ಇಳಿಸಿ, ನನ್ನ ಬಾಟಲಿಯ ಪಕ್ಕದಲ್ಲಿಟ್ಟೆ. ನೋಡುವುದಕ್ಕೆ ಎರಡೂ ಹಸಿರೇ. ಬೆರಳದ್ದಿ ನನ್ನದನ್ನು ನಾಲಿಗೆಗೆ ಮುಟ್ಟಿಸಿದೆ. ಮಾಡಿದ ದಿನ ಹೆಮ್ಮೆಯಲ್ಲಿ ರುಚಿಯನ್ನೇ ನೋಡಿರಲಿಲ್ಲ. ಬೇವಿನ ಕಷಾಯದಂಥ ಕಹಿ, ಗಂಟಲಲ್ಲಿ ಮಣ್ಣು ಸಿಕ್ಕಿದಂತೆ. ಅವಳದನ್ನು ಮುಟ್ಟಿಸಿದೆ. ಮೊದಲು ಗುಲಾಬಿ, ಆಮೇಲೆ ಮೆಣಸು, ಕೊನೆಗೆ ಎಲೆಯದೊಂದು ತಂಪು. ಅಲ್ಲೇ ಕೂತು ಅತ್ತೆ. ಅದು ಅಮ್ಮನ ಪಾಕ ಆಗಿರಲಿಲ್ಲ, ಅಮ್ಮನದಕ್ಕಿಂತ ಚೆನ್ನಾಗಿತ್ತು.

ಆಮೇಲೆ ಕಣ್ಣೊರೆಸಿಕೊಂಡು ಒಂದು ತೀರ್ಮಾನಕ್ಕೆ ಬಂದೆ. ಅವಳದನ್ನೇ ಬೆರೆಸುತ್ತೇನೆ, ನಾನು ಮಾಡಿದ್ದು ಎನ್ನುತ್ತೇನೆ. ಅಪ್ಪನಿಗೆ ಕಾಣಿಸುವುದಿಲ್ಲ. ಅವಳಿಗೆ ತಿಳಿಯುವುದಿಲ್ಲ. ಅಪ್ಪನ ಬಾಯಿಂದ ಒಂದು "ಚೆನ್ನಾಗಿದೆ" ನನ್ನ ಪಾಲಿಗೆ ಬಂದರೆ ಯಾರ ಗಂಟು ಹೋಗುತ್ತದೆ? ಎರಡು ಚಮಚ ಹಾಕಿ, ತಣ್ಣಗಿನ ಹಾಲು ಹುಯ್ದು, ಹಜಾರಕ್ಕೆ ಹೋಗಿ ಲೋಟವನ್ನು ಅಪ್ಪನ ಕೈಗಿಟ್ಟೆ. ಮೊದಲ ಗುಟುಕು ಇಳಿಯಲಿ, ಆಮೇಲೆ ಹೇಳೋಣ ಎಂದು ಬಾಯಿ ಮುಚ್ಚಿಕೊಂಡು ನಿಂತೆ. ಕೈಯ ಬಳೆ ಸದ್ದಾಯಿತು. ಬಳೆಗಾರ ಎರಡೂ ಮನೆಯ ಹೆಂಗಸರಿಗೆ ಒಂದೇ ಜೊತೆ ತೊಡಿಸುತ್ತಾನೆ, ಅದೂ ತಕ್ಕಡಿಯ ಲೆಕ್ಕವೇ.

ಅಪ್ಪ ಗುಟುಕರಿಸಿದರು. ಬೆನ್ನು ಗೋಡೆಗೆ ಒರಗಿಸಿದರು.

"ಬಹೂ, ಹೋಗ್ಬೇಡ. ಇಲ್ಲೇ ನಿಂತ್ಕೊ."

ಬಹೂ, ಅಂದರೆ ಸೊಸೆ. ಬಳೆಯ ಸದ್ದಿಗೆ ಅಪ್ಪ ನನ್ನನ್ನು ಚಂದ್ರಾವಲಿ ಎಂದುಕೊಂಡಿದ್ದರು. ನಮ್ಮಲ್ಲಿ ಸೊಸೆ ಮಾವನೆದುರು ಮಾತಾಡುವಂತಿಲ್ಲ. ಹೌದು ಎನ್ನಬೇಕಾದರೆ ಸೆರಗಿನೊಳಗೆ ಬಳೆ ಅಲ್ಲಾಡಿಸುತ್ತಾಳೆ, ಅಲ್ಲ ಎನ್ನಬೇಕಾದರೆ ಸುಮ್ಮನಿರುತ್ತಾಳೆ. ಚಂದ್ರಾವಲಿಯ ದನಿ ಅಪ್ಪನ ಕಿವಿಗೆ ನೇರವಾಗಿ ಒಮ್ಮೆಯೂ ಬಿದ್ದದ್ದಿಲ್ಲ. ಬಾಯಿಬಿಡದೆ ನಿಂತ ಹೆಂಗಸು ಎಂದರೆ ಅವರಿಗೆ ಸೊಸೆಯೇ. ಮಗಳು ಯಾವತ್ತು ಬಾಯಿ ಮುಚ್ಚಿಕೊಂಡಿದ್ದಾಳೆ?

"ಅವತ್ತು ದುಲಾರಿ ಒಂದು ಲೋಟ ತಂದಿದ್ಲಲ್ಲ, ಎಂಥ ವಿಷ ಅಂತೀಯ! ಎಲೆ ತೊಳೆದೇ ಇಲ್ಲ ಪಾಪ. ಏಳು ನೀರಲ್ಲಿ ತೊಳೀಬೇಕು ಅಂತ ಅವಳಿಗೆ ಯಾರು ಹೇಳಿದಾರೆ? ಪೂರ್ತಿ ಕುಡಿದೆ. ಮಗಳು ತಂದಿದ್ದನ್ನ ಚೆಲ್ಲಕ್ಕಾಗುತ್ತಾ?" ಎಂದು ಅಪ್ಪ ನಕ್ಕರು. "ಎರಡು ದಿನ ನನ್ನ ಹಾಸಿಗೆ ಒಗೆಯೋ ಗತಿ ನಿಂದಾಯ್ತು. ಅವಳಿಗೆ ತಿಳೀದ ಹಾಗೆ ನೀನು ನೋಡ್ಕೊಂಡೆ. ಅವಳಿಂದ ಬೈಸ್ಕೊಂಡೆ ಕೂಡ, ಬಲ್ಲೂ ಹೇಳಿದ. ಮುಂದಕ್ಕೂ ಹೇಳ್ಬೇಡ. ಅವಳದು ಸಣ್ಣ ಮನಸ್ಸು, ಆದ್ರೆ ನನ್ನ ಮಗಳು."

ನಾನೇ ಇಲ್ಲಿದ್ದೇನೆ ಎಂದು ಕೂಗಬೇಕು ಅನಿಸಿತು. ಸಣ್ಣ ಮನಸ್ಸು! ನನ್ನಪ್ಪ ನನ್ನ ಬಗ್ಗೆ ಅವಳ ಹತ್ತಿರ! ನನಗಾಗಿ ವಿಷ ಕುಡಿದದ್ದನ್ನೂ ಅವಳಿಗೇ ಹೇಳಬೇಕೇ?

ಅಪ್ಪ ಲೋಟ ಖಾಲಿ ಮಾಡಿದರು. ಮೀಸೆ ಒರೆಸಿಕೊಂಡರು.

"ಮೂವತ್ನಾಲ್ಕು ವರ್ಷ ಆಯ್ತು ನೀನು ಬಂದು. ಮಾವ ಸೊಸೇನ ಎದುರಿಗೆ ಹೊಗಳೋ ಪದ್ಧತಿ ನಮ್ಮಲ್ಲಿ ಇಲ್ಲ. ನಮ್ಮಪ್ಪನೂ ಹೊಗಳ್ಲಿಲ್ಲ, ನಾನೂ ಹೊಗಳ್ಲಿಲ್ಲ. ಆದ್ರೆ ಇವತ್ತು ತಾಯಿ ಹುಟ್ಟಿದ ದಿನ, ಹೇಳ್ಬಿಡ್ತೀನಿ. ನಿನ್ನ ಅತ್ತೆ ಕೈಗೂ ಈ ರುಚಿ ಇರ್ಲಿಲ್ಲ. ನಾಲ್ಕು ಗಂಟೆ ಆಗ್ಲಿ ಅಂತಾನೇ ನಾನು ಬೆಳಿಗ್ಗೆ ಏಳ್ತೀನಿ. ಇಷ್ಟು ಸಿಹಿ, ಇಷ್ಟೇ ಕಹಿ. ಇದರಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಯಿಸ್ಬೇಡ. ಕೇಳಿಸ್ತಾ ಬಹೂ?"

ಕೇಳಿಸಿತು. ನಾನು ಬಳೆ ಅಲ್ಲಾಡಿಸಿದೆ.

ಅಪ್ಪ ತೃಪ್ತಿಯಿಂದ ಮಗ್ಗುಲಾದರು. ನಾನು ಲೋಟ ತೊಳೆದು ಕವುಚಿಟ್ಟೆ, ಭರಣಿಗೆ ಬೀಗ ಹಾಕಿದೆ, ನನ್ನ ಬಾಟಲಿಯನ್ನು ಬಚ್ಚಲಿಗೆ ಸುರಿದೆ. ಅಷ್ಟರಲ್ಲಿ ಚಂದ್ರಾವಲಿ ಒದ್ದೆ ಸೀರೆಯಲ್ಲೇ ಓಡಿಬಂದಳು. ಘಾಟಿನಲ್ಲಿ ಜನ ಇನ್ನೂ ಮುಳುಗು ಹಾಕುತ್ತಿದ್ದರಂತೆ, ಇವಳಿಗೆ ಮನಸ್ಸು ನಿಂತಿರಲಿಲ್ಲ.

"ಜೀಜಿ, ಬಾಬೂಜಿ ಕುಡಿದ್ರಾ?"

"ಕುಡಿದ್ರು."

"ಪೂರ್ತಿನಾ?"

"ಹೂಂ."

"ಏನಾದ್ರೂ ಅಂದ್ರಾ?"

ಹಣೆಗೆ ಅಂಟಿದ ಕೂದಲನ್ನು ಎಡಗೈಯಲ್ಲಿ ಸರಿಸಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರ ಯಾರ ಹತ್ತಿರ ಕೇಳಿರಬಹುದು ಎಂದು ನನಗೆ ಆಗ ಅನಿಸಿತು. ಆ ಮಾತೆಲ್ಲ ಅವಳದು. ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕೊಟ್ಟುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅದನ್ನು ಕೇಳಿದಾಗ ಅವಳ ಮುಖ ಹೇಗೆ ಅರಳುತ್ತದೆ ಎಂದು ಕಣ್ಣ ಮುಂದೆ ಬಂತು, ಅದನ್ನು ನಾನು ನೋಡಲಾರೆ ಅನಿಸಿತು.

"ಸಿಹಿ ಜಾಸ್ತಿಯಾಯ್ತು ಅಂದ್ರು."

ಅವಳು ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ ಹೌದಾ? ವಯಸ್ಸಾದ ಬಾಯಿ, ನಂಗೆ ಹೊಳೀಲೇ ಇಲ್ಲ ನೋಡು. ಒಳ್ಳೇದು ಮಾಡಿದೆ ಜೀಜಿ ಹೇಳಿ. ನನ್ನ ಹತ್ರ ಅವರು ಏನೂ ಹೇಳಲ್ಲ."

ಮುಂದಿನ ಪಾಕಕ್ಕೆ ಅವಳು ಸಕ್ಕರೆ ಅರ್ಧಕ್ಕೆ ಇಳಿಸಿದಳು. ಸಕ್ಕರೆ ಇಳಿದರೆ ಎಲೆಯ ಕಹಿ ತಲೆ ಎತ್ತುತ್ತದೆ. ಅಪ್ಪ ಅದಾದ ಮೇಲೆ ಹದಿನಾಲ್ಕು ತಿಂಗಳು ಬದುಕಿದ್ದರು. ನಾನು ಸಂಜೆ ಹೋದಾಗೆಲ್ಲ ನೋಡುತ್ತಿದ್ದೆ, ಮೊದಲ ಗುಟುಕಿಗೆ ಮೂಗಿನ ಪಕ್ಕ ಒಂದು ಗೆರೆ ಮೂಡುತ್ತಿತ್ತು. ನಾಲ್ಕು ಗಂಟೆಯಾಯಿತೇ ಎಂದು ಕೇಳುವುದನ್ನು ಅವರು ಬಿಟ್ಟಿದ್ದರು. ಲೋಟವನ್ನು ಮಾತ್ರ ತಳ ಕಾಣುವ ತನಕ ಕುಡಿದು ಕೆಳಗಿಡುತ್ತಿದ್ದರು. ಸೊಸೆಗೆ ಒಂದು ದಿನವೂ ಏನೂ ಅನ್ನಲಿಲ್ಲ.

ಚಂದ್ರಾವಲಿ ಖಾಲಿ ಲೋಟವನ್ನು ಬೆಳಕಿಗೆ ಓರೆಮಾಡಿ ನನಗೆ ತೋರಿಸುತ್ತಿದ್ದಳು.

"ನೋಡು ಜೀಜಿ, ಒಂದು ಹನಿ ಬಿಟ್ಟಿಲ್ಲ. ಈಗ ಸರಿಹೋಯ್ತು."